ಮಾದಿಯ ಕೈಗುಣ

ಕುಮಟೆಯ ಅಳ್ವೆಕೋಡಿ ಕಡೆ ಹೋಗಿ ಮಾದಿಯ ಮನೆ ಎಲ್ಲಿ ಎಂದು ಕೇಳಿದರೆ ಯಾರೂ ಹೇಳಲಾರರು. ಆ ಕೇರಿಯಲ್ಲಿ ಮನೆಗೊಬ್ಬ ಮಾದಿ ಇದ್ದಾಳೆ. ‘ಹುಳದ ಮಾದಿ’ ಎನ್ನಬೇಕು. ಆಗ ನೋಡಿ, ನೀರುಳ್ಳಿ ಕೀಳುತ್ತಿದ್ದವರೂ ಸೊಂಟ ನೆಟ್ಟಗೆ ಮಾಡಿ ದಾರಿ ತೋರಿಸುತ್ತಾರೆ. ತೋರಿಸಿ ಸುಮ್ಮನಿರುವುದಿಲ್ಲ, ನಿಮ್ಮ ಕೆನ್ನೆಯನ್ನೊಮ್ಮೆ ದಿಟ್ಟಿಸಿ, “ಯಾವ ಬದಿ ಹಲ್ಲು?” ಎಂದೂ ಕೇಳುತ್ತಾರೆ.

ಹಲ್ಲಿನ ಹುಳ ತೆಗೆಯುವುದು ಮಾದಿಯ ವಿದ್ಯೆ. ಹೊಟ್ಟೆಪಾಡಿಗೆ ಗದ್ದೆಯ ನೀರುಳ್ಳಿ, ಹರಿವೆ, ಬದನೆ ಇದ್ದೇ ಇದೆ. ಇದು ಊರಿನ ಉಪಕಾರಕ್ಕೆ. ಅಗಲ ಬೋಗುಣಿಯಲ್ಲಿ ನೀರು, ನೀರಿನ ನಡುವೆ ಒಂದು ಕಲ್ಲು, ಕಲ್ಲಿನ ಮೇಲೆ ಕೆಂಪಗೆ ಕಾಯಿಸಿದ ಮುರುಕು ಕತ್ತಿಯ ತುಂಡು. ಎಣ್ಣೆ ಸವರಿದ ಕಾಡುಗುಳ್ಳದ, ಅಂದರೆ ಕಾಡುಬದನೆಯ, ಬೀಜವನ್ನು ಆ ಕಬ್ಬಿಣದ ಮೇಲೆ ಉದುರಿಸಿ, ಮೇಲೊಂದು ತೂತಿನ ಮಡಕೆ ಕವುಚುತ್ತಾಳೆ. ತೂತಿಗೆ ಪಪ್ಪಾಯಿ ಎಲೆಯ ದಂಟು ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ನೋವಿದ್ದವರ ಬಾಯಿಗೆ ಹಿಡಿಯುತ್ತಾಳೆ. “ಬಾಯಿ ತೆಗಿ” ಎನ್ನುತ್ತಾಳೆ. ಒಳಗೆ ಬೀಜ ಚಟಚಟ ಸಿಡಿಯುತ್ತದೆ, ಬಾಯಿಯ ತುಂಬ ಹೊಗೆ, ಕಣ್ಣಿನ ತುಂಬ ನೀರು. ಮಾದಿ ಸಣ್ಣ ದನಿಯಲ್ಲಿ ಹಾಡುತ್ತಾಳೆ: “ಬಾರೋ ಬಾರೋ ಹುಳವೇ, ಬಿಳಿಯ ಮನೆ ಬಿಟ್ಟು ಬಾ, ಕೆಂಪು ಕದ ತೆರೆದದೆ, ತಣ್ಣೀರ ಕುಡಿ ಬಾ.” ಹಾಡು ಮುಗಿದು ಮಡಕೆ ಎತ್ತಿದರೆ ನೀರಿನಲ್ಲಿ ಬೆಳ್ಳಗೆ, ಕೊಂಕಿಕೊಂಡ ಸಣ್ಣ ಸಣ್ಣ ಹುಳ! ಕಣ್ಣೆದುರಿಗೆ ಬಿದ್ದದ್ದನ್ನು ಇಲ್ಲವೆನ್ನಲಿಕ್ಕಾಗುತ್ತದೆಯೇ? ಬಂದವರು ಕೈಮುಗಿದು ಒಂದು ತೆಂಗಿನಕಾಯಿ ಇಟ್ಟು ಹೋಗುತ್ತಾರೆ.

ವಿದ್ಯೆ ಅತ್ತೆ ಗಣಪಿಯಿಂದ ಬಂದದ್ದು. ಮುದುಕಿ ಸಾಯುವ ಮೊದಲು ಸೊಸೆಯ ಬಲ ಅಂಗೈಗೆ ತೆಂಗಿನೆಣ್ಣೆ ಹೊಯ್ದು, ಬೆರಳು ಮಡಚಿಸಿ, “ಕೈಗುಣ ಕೊಟ್ಟೆ, ಹಿಡ್ಕೋ. ಹುಳ ಬೀಳೂದು ಬೀಜದಿಂದ ಅಲ್ಲ ಮಗಾ, ಕೈಗುಣದಿಂದ” ಎಂದಿದ್ದಳು. ಹೀಗೆ ಎಣ್ಣೆ ಹೊಯ್ದು ಕೊಟ್ಟ ಹೊರತು ಕೈಗುಣ ಇನ್ನೊಬ್ಬರಿಗೆ ದಾಟುವುದಿಲ್ಲವೆಂಬುದು ಆ ಕಡೆಯ ನಂಬಿಕೆ. ಮಾದಿ ಅದನ್ನು ಮೂವತ್ತು ವರ್ಷ ದೇವರ ದೀಪದ ಹಾಗೆ ಕಾಪಾಡಿಕೊಂಡು ಬಂದಳು. ಗಂಡ ಜಟ್ಟಿ ಸತ್ತ ಮೇಲಂತೂ ಊರಿನಲ್ಲಿ ಅವಳಿಗೊಂದು ತೂಕ ಇದ್ದದ್ದು ಇದರಿಂದಲೇ.

ಇಂಥ ಮಾದಿಯ ಮಗನಿಗೇ ಹಲ್ಲುನೋವು ಬಂತು. ಊರಿಗೆ ಉಪಕಾರಿ, ಮನೆಗೆ ಮಾರಿ ಎನ್ನುತ್ತಾರಲ್ಲ, ಹಾಗಾಗುವ ಹೊತ್ತು.

ಗಣೇಶ ಒಳ್ಳೆಯ ದುಡಿಮೆಗಾರ, ಅದಕ್ಕಿಂತ ಒಳ್ಳೆಯ ಗುಮಟೆಗಾರ. ಮಣ್ಣಿನ ಗುಮಟೆಯನ್ನು ತೊಡೆಯ ಮೇಲಿಟ್ಟು ಬಾರಿಸಿದನೆಂದರೆ ಸುಗ್ಗಿಯ ಕುಣಿತದವರ ಕಾಲು ತಾನಾಗಿ ಏಳಬೇಕು. ಆದರೆ ಬಾಯಿಯ ವಿಷಯದಲ್ಲಿ ಶುದ್ಧ ಸೋಮಾರಿ. ಬೆಳಿಗ್ಗೆ ಒಂದು ಮಾವಿನೆಲೆ ಸುರುಳಿ ಸುತ್ತಿ ನಾಲ್ಕು ಸಲ ಎಳೆದರೆ ಅವನ ಹಲ್ಲುಜ್ಜುವ ಕೆಲಸ ಆಯಿತು. ಮತ್ತೆ ಇಡೀ ದಿನ ದವಡೆಯಲ್ಲಿ ಎಲೆಯಡಿಕೆಯ ಕವಳ. ಬಲಬದಿಯ ಕೆಳದವಡೆಯ ಕಡೇ ಹಲ್ಲಿನಲ್ಲಿ ತೂತು ಬಿದ್ದು ವರ್ಷವೇ ಆಗಿತ್ತು. ಅದಕ್ಕೆ ಹೊಗೆಸೊಪ್ಪು ತುರುಕಿ ಮರಗಟ್ಟಿಸಿ ದಿನ ದೂಡುತ್ತಿದ್ದ.

ನೀರುಳ್ಳಿ ಕಿತ್ತು, ಜಡೆ ಹೆಣೆದು, ಹೆದ್ದಾರಿಯ ಬದಿಯಲ್ಲಿ ತೂಗಹಾಕುವ ಗಡಿಬಿಡಿಯ ದಿನಗಳಲ್ಲಿ ನೋವು ಎದ್ದಿತು. ಅವನ ಹೆಂಡತಿ ರೂಪಾ ಮೊದಲ ದಿನವೇ, “ಅತ್ತೆ, ಕುಮಟೆಗೆ ಹೋಗಿ ಹಲ್ಲಿನ ಡಾಕ್ಟ್ರಿಗೆ ತೋರ್ಸುವ” ಎಂದಳು.

“ಎಂತ ಹುಡುಗಿ ನೀನು! ಊರೆಲ್ಲ ನಮ್ಮನೆಗೆ ಬರೂದು, ನಾವು ಡಾಕ್ಟ್ರ ಮನೆಗೆ ಹೋಗೂದಾ? ಜನ ಎಲ್ಲಿಂದ ನಗ್ತ್ರು ಗೊತ್ತಿದ್ಯಾ?” ಎಂದು ಮಾದಿ ಅವಳ ಬಾಯಿ ಮುಚ್ಚಿಸಿದಳು. ಬೋಗುಣಿ ಬಂತು, ಬೀಜ ಸಿಡಿಯಿತು, ಹುಳ ಬಿತ್ತು. ನೋವು ಹೋಗಲಿಲ್ಲ. ಮರುದಿನ ಮತ್ತೆ ತೆಗೆದಳು. ಹುಳ ಬಿತ್ತು, ಕೆನ್ನೆ ಬಾತಿತು. ಮಾದಿ ತೂತಿಗೆ ಗೇರೆಣ್ಣೆಯ ಹತ್ತಿ ಇಟ್ಟು, ಬಿಸಿ ಉಪ್ಪಿನ ಗಂಟಿನಿಂದ ಶಾಖ ಕೊಟ್ಟಳು. ಬಾವು ಕೆನ್ನೆ ಬಿಟ್ಟು ದವಡೆಯ ಕೆಳಗಿಳಿಯಿತು.

ಆಮೇಲಿನ ಬೆಳಿಗ್ಗೆ ಗಣೇಶ ಏಳುವಾಗ ಮುಖ ಗುರುತು ಸಿಗುವ ಹಾಗಿರಲಿಲ್ಲ. ಗದ್ದದ ಅಡಿಯಿಂದ ಕುತ್ತಿಗೆಯವರೆಗೆ ಒಂದೇ ಸಮ ಬಿಗಿದು, ಮುಟ್ಟಿದರೆ ಹಲಗೆ ಮುಟ್ಟಿದ ಹಾಗೆ. ಗಂಜಿ ತಿಳಿ ಕೊಟ್ಟರೆ ಕಟವಾಯಿಯಿಂದ ಹೊರಗೇ ಬಂತು. ಸ್ವಂತ ಎಂಜಲನ್ನೂ ನುಂಗಲಾರದೆ ಉಟ್ಟ ಪಂಜಿಯ ತುದಿಯಿಂದ ಒರೆಸಿಕೊಳ್ಳುತ್ತಿದ್ದ. ಮಾತಾಡಿದರೆ ಬಾಯೊಳಗೆ ಬಿಸಿ ಗೆಣಸು ಇಟ್ಟುಕೊಂಡವನ ಮಾತು.

“ಅತ್ತೆ, ಕಾಲು ಹಿಡೀತೆ. ಡಾಕ್ಟ್ರ ಹತ್ರ ಹೋಗುವ” ಎಂದು ರೂಪಾ ಅತ್ತಳು.

“ತಡಿಯೇ. ಬೇರಿನ ಹುಳ ಉಳ್ಕಂಡದೆ. ಅದೊಂದು ಬಿದ್ರೆ ಆತು.”

ನೀರಿಳಿಯದ ಗಂಟಲಿಗೆ ಕಡುಬು ತುರುಕುವುದೆಂದರೆ ಇದೇ. ಮಾದಿಯ ಅವಸರಕ್ಕೆ ಬೀಜ ಅರ್ಧ ನೆಲಕ್ಕೆ ಚೆಲ್ಲಿತು. ಉಳಿದದ್ದನ್ನು ಕಬ್ಬಿಣದ ಮೇಲೆ ಹಾಕಿ, ಮಡಕೆ ಕವುಚಿ, ದಂಟು ಹಿಡಿದು ಮಗನೆದುರು ಕೂತಳು.

“ಬಾಯಿ ತೆಗಿ ಮಗಾ.”

ಗಣೇಶ ತೆಗೆಯಲು ನೋಡಿದ. ಬೆರಳು ತೂರುವಷ್ಟೂ ತೆರೆಯಲಿಲ್ಲ. ದವಡೆ ಬೀಗ ಹಾಕಿದ ಹಾಗೆ ಕೂತುಬಿಟ್ಟಿತ್ತು. ಮಾದಿ ದಂಟನ್ನು ತುಟಿಯ ನಡುವೆ ಒತ್ತಿದಳು. ಉಸಿರು ಕಟ್ಟಿದವನಂತೆ ಅವನು ಕೊಸರಿ, ದಂಟು ಕಿತ್ತೆಸೆದು, ಗೋಡೆಯ ಕಡೆ ಮುಖ ಮಾಡಿ ಏದುಸಿರು ಬಿಡತೊಡಗಿದ. ರೂಪಾ ಓಡಿಹೋಗಿ ಅವನ ಬೆನ್ನು ಹಿಡಿದಳು. ಇತ್ತ ಮಡಕೆಯೊಳಗೆ ಬೀಜ ತನ್ನ ಪಾಡಿಗೆ ಚಟಚಟ ಸಿಡಿಯಿತು.

ಸದ್ದು ನಿಂತಿತು. ಮಾದಿ ಅಭ್ಯಾಸಬಲದಿಂದ ಮಡಕೆ ಎತ್ತಿದಳು.

ನೀರಿನಲ್ಲಿ ಹುಳ ಬಿದ್ದಿದ್ದವು. ಬೆಳ್ಳಗೆ, ಕೊಂಕಿಕೊಂಡು, ಎಂದಿನ ಹಾಗೆಯೇ.

ಅವಳು ಹುಳ ನೋಡಿದಳು. ಮೂಲೆಯಲ್ಲಿ ಬಿದ್ದ ದಂಟು ನೋಡಿದಳು. ಗೋಡೆಯ ಕಡೆ ತಿರುಗಿದ ಮಗನನ್ನು ನೋಡಿದಳು. ಅವನ ಬಾಯಿಗೆ ಒಂದು ಎಳೆ ಹೊಗೆಯೂ ಹೋಗಿಲ್ಲ. ಬಾಯಿ ತೆರೆಯದವನ ಹುಳ ನೀರಿಗೆ ಬಿದ್ದದ್ದು ಹೇಗೆ? ಒಂದನ್ನು ಉಗುರಿನ ಮೇಲೆ ತೆಗೆದುಕೊಂಡು ಹೊಸಕಿದಳು. ಮೆತ್ತಗಿತ್ತು, ರಸ ಇರಲಿಲ್ಲ. ಹೆಬ್ಬೆರಳಿಗೆ ಹುಡಿ ಹತ್ತಿತು, ಬೀಜದ ತಿರುಳಿನ ಹುಡಿ. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂಬ ಗಾದೆಯನ್ನು ಅವಳು ಎಷ್ಟೋ ಜನರಿಗೆ ಹೇಳಿದ್ದುಂಟು, ತಾನು ಮಾತ್ರ ಒಂದು ದಿನವೂ ಪರಾಂಬರಿಸಿರಲಿಲ್ಲ. ಆದರೆ ಕೂತು ಅಳಲಿಕ್ಕೆ ಪುರಸೊತ್ತು ಎಲ್ಲಿದೆ?

“ರೂಪಾ! ಬೀರಪ್ಪಗೆ ಫೋನ್ ಮಾಡು. ಗಾಡಿ ತರೂಕೆ ಹೇಳು, ಈಗಲೇ!”

ಬೀರಪ್ಪ ಪಕ್ಕದ ಮನೆಯವ, ಓಮ್ನಿ ಓಡಿಸುತ್ತಾನೆ. ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ಬಂದ.

ಕುಮಟೆಯ ಹಲ್ಲಿನ ಡಾಕ್ಟರು ಶ್ರೀಗೌರಿ ಇನ್ನೂ ಚಿಕ್ಕ ಪ್ರಾಯದವರು. ಬಾಗಿಲಲ್ಲಿ ಗಣೇಶನನ್ನು ಕಂಡದ್ದೇ ಕುರ್ಚಿಯಲ್ಲಿದ್ದವರನ್ನು ಎಬ್ಬಿಸಿದರು. ಗದ್ದದ ಅಡಿ ಒತ್ತಿ ನೋಡಿದರು. ನಾಲಿಗೆ ಹೊರಗೆ ಚಾಚಲು ಹೇಳಿದರು, ಆಗಲಿಲ್ಲ. ಅವರ ಮುಖದ ಬಣ್ಣ ಬದಲಾದದ್ದು ಮಾದಿಗೆ ಕಂಡಿತು.

“ಎಷ್ಟು ದಿನ ಆಯ್ತು? ಮನೇಲಿ ಏನೇನು ಹಾಕಿದ್ರಿ?”

ರೂಪಾ ಅತ್ತೆಯ ಕಡೆ ಒಮ್ಮೆ ನೋಡಿ, ತಲೆ ತಗ್ಗಿಸಿ, “ಎಂತ ಇಲ್ಲ ಡಾಕ್ಟ್ರೇ. ಉಪ್ಪುನೀರು ಮುಕ್ಕಳಿಸಿದ್ದು ಅಷ್ಟೇ” ಎಂದಳು. ಅತ್ತೆಯ ಮಾನ ಉಳಿಸಲು ಆ ಹುಡುಗಿ ಗಂಡನ ಜೀವ ಪಣಕ್ಕಿಟ್ಟಳಲ್ಲ! ಮಾದಿಗೆ ತಡೆಯಲಿಕ್ಕಾಗಲಿಲ್ಲ.

“ಸುಳ್ಳು, ಡಾಕ್ಟ್ರಮ್ಮಾ. ಅವಳು ನನ್ನ ಸಲುವಾಗಿ ಹೇಳೂದು. ನಾ ಹುಳದ ಹೊಗೆ ಹಾಕ್ದೆ. ತೂತಿಗೆ ಗೇರೆಣ್ಣೆ ಇಟ್ಟೆ. ಬಿಸಿ ಉಪ್ಪಿನ ಶಾಖ ಕೊಟ್ಟೆ. ಹೊಗೆಸೊಪ್ಪು ಅವನೇ ಇಟ್ಕಂಡದ್ದು.”

ಶ್ರೀಗೌರಿಗೆ ಸಿಟ್ಟು ಬಂದದ್ದು ನಿಜ. “ಶಾಖ ಕೊಟ್ರೆ ಕೀವಿಗೆ ದಾರಿ ತೋರಿಸಿದ ಹಾಗೆ ಅಮ್ಮಾ!” ಎಂದರು. ಫೋನಿನಲ್ಲಿ ನಂಬರು ಹುಡುಕುತ್ತಲೇ ಒಂದೇ ಉಸಿರಿಗೆ ಹೇಳಿದರು: “ಹಲ್ಲಿನ ಒಳಗೆ ನರ ಇರ್ತದೆ. ತೂತು ನರದವರೆಗೆ ಹೋಗಿ ಬೇರಿನ ಕೆಳಗೆ ಕೀವಾಗಿದೆ. ಆ ಕೀವು ಈಗ ನಾಲಿಗೆಯ ಅಡಿಗೆ ಇಳಿದು ನಾಲಿಗೆಯನ್ನೇ ಮೇಲೆತ್ತಿ ಹಿಂದಕ್ಕೆ ದೂಡ್ತಾ ಇದೆ. ಉಸಿರಿನ ದಾರಿ ಮುಚ್ತದೆ. ಇದು ನನ್ನ ಕುರ್ಚಿಯ ಕೆಲಸ ಅಲ್ಲ. ದೊಡ್ಡ ಆಪರೇಶನ್ ಥಿಯೇಟರ್ ಬೇಕು, ಮಣಿಪಾಲಕ್ಕೇ ಹೋಗ್ಬೇಕು. ನಾನು ಹೇಳಿಡ್ತೇನೆ. ಆಕ್ಸಿಜನ್ ಇದ್ದ ಆಂಬ್ಯುಲೆನ್ಸ್ ಇಲ್ಲಿಗೆ ಬರುವವರೆಗೆ ಕಾಯೂದು ಬೇಡ, ಭಟ್ಕಳದಿಂದ ಎದುರಿಗೆ ಬರ್ಲಿಕ್ಕೆ ಹೇಳ್ತೇನೆ.”

ಒಂದು ಇಂಜೆಕ್ಷನ್ ಚುಚ್ಚಿದರು. ಗಾಡಿಯವರೆಗೆ ಬಂದು ಮಾದಿಯ ತೋಳು ಹಿಡಿದರು. “ಮಲಗಿಸಬೇಡಿ. ಅವನೇ ಮಲಗ್ತೇನೆ ಅಂದ್ರೂ ಬಿಡಬೇಡಿ. ಮಲಗಿದ್ರೆ ನಾಲಿಗೆ ಗಂಟಲಿಗೆ ಬೀಳ್ತದೆ. ಮುಂದಕ್ಕೆ ಬಾಗಿಸಿ ಕೂರಿಸಿ, ಎಂಜಲು ಹೊರಗೆ ಸುರೀಲಿ.”

ಓಮ್ನಿ ಹೆದ್ದಾರಿ ಹತ್ತಿತು. ಬೀರಪ್ಪ ಹಾರ್ನಿನ ಮೇಲಿನ ಕೈ ತೆಗೆಯಲಿಲ್ಲ. ಮಗನ ಎದೆಗೆ ಒಂದು ಕೈ, ಬೆನ್ನಿಗೆ ಒಂದು ಕೈ ಕೊಟ್ಟು ಮಾದಿ ಕೂತಿದ್ದಳು. ಆಚೆ ಬದಿಯಲ್ಲಿ ರೂಪಾ. ಜ್ವರ ಸುಡುತ್ತಿತ್ತು. ಗಣೇಶ ಮತ್ತೆ ಮತ್ತೆ ಸೀಟಿಗೆ ವಾಲುತ್ತಿದ್ದ, ಇವರಿಬ್ಬರೂ ಮತ್ತೆ ಮತ್ತೆ ಎಬ್ಬಿಸಿ ಕೂರಿಸುತ್ತಿದ್ದರು. ಮಗನ ಉಸಿರು ಗೊರಗೊರ ಎನ್ನುತ್ತಿತ್ತು. ಗಾಡಿಯ ಸದ್ದಿನಲ್ಲಿ ಅದೂ ಸರಿಯಾಗಿ ಕೇಳುವುದಿಲ್ಲ. ಇದ್ದಾನೋ ಇಲ್ಲವೋ ಎಂದು ಹೇಗೆ ತಿಳಿಯುವುದು?

ಕರ್ಕಿ ದಾಟುವಾಗ ಮಾದಿಗೆ ಒಂದು ಉಪಾಯ ಹೊಳೆಯಿತು. ಮಗನ ಬಲಗೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡಳು.

“ತಮಾ, ನಾ ಹಾಡ್ತೆ. ನೀ ಗುಮಟೆ ಬಾರ್ಸು. ನಿಲ್ಲಿಸಬೇಡ, ನನ್ನಾಣೆ.”

ಹಾಡಲು ಬಾಯಿ ತೆರೆದರೆ ಬಂದದ್ದು ಹುಳದ ಹಾಡು. “ಬಾರೋ ಬಾರೋ” ಎಂದವಳು ನಾಲಿಗೆ ಕಚ್ಚಿಕೊಂಡಳು. ಥೂ, ಇದರ ಮನೆ ಹಾಳಾಗ! ಎಷ್ಟೋ ಹಾಡು ಬಲ್ಲವಳಿಗೆ ಆ ಹೊತ್ತಿಗೆ ಇನ್ನೊಂದು ನೆನಪಾಗಬಾರದೇ? ಕೊನೆಗೆ ಸಸಿ ನೆಡುವಾಗಿನದೊಂದು ಹಾಡು ಸಿಕ್ಕಿತು. ದನಿ ಒಡೆದಿತ್ತು, ಸಾಲು ಹಿಂದುಮುಂದಾಗುತ್ತಿತ್ತು. ಆದರೂ ತೊಡೆಯ ಮೇಲೆ ಗಣೇಶನ ಬೆರಳು ಮೆಲ್ಲಗೆ ಆಡಿತು. ತಾಳ ತಪ್ಪಲಿಲ್ಲ.

ಹೊನ್ನಾವರದ ಸೇತುವೆ ದಾಟಿತು. ಬೆರಳು ಆಡುತ್ತಿತ್ತು. ಮಂಕಿ ಹಿಂದೆ ಬಿತ್ತು. ಬೆರಳು ನಿಧಾನವಾಯಿತು. “ಬಾರ್ಸು ತಮಾ, ಬಾರ್ಸು” ಎಂದು ಮಾದಿ ಅವನ ಕಿವಿಯಲ್ಲಿ ಕೂಗಿದಳು. ಒಂದು ಪೆಟ್ಟು ಬೀಳುತ್ತಿತ್ತು, ಮತ್ತೆ ಎಷ್ಟೋ ಹೊತ್ತಿಗೆ ಇನ್ನೊಂದು. ತುಟಿ ನೀಲಿಗೆ ತಿರುಗಿತ್ತು.

ಶಿರಾಲಿಯ ಹತ್ತಿರ ಬೆರಳು ನಿಂತಿತು.

“ಅತ್ತೆ!” ಎಂದು ರೂಪಾ ಕಿರುಚಿದಳು.

ಮಾದಿ ಹಾಡು ನಿಲ್ಲಿಸಿ, ಮಗನ ಎರಡೂ ಭುಜ ಹಿಡಿದು ಮುಂದಕ್ಕೆ ಬಾಗಿಸಿ, ಬೆನ್ನಿಗೆ ಅಂಗೈಯಿಂದ ಹೊಡೆದಳು. ಬಾಯಿಂದ ಎಂಜಲಿನ ಜೊತೆ ನಾರುವ ಕೀವು ಅವಳ ಸೀರೆಯ ಮೇಲೆ ಸುರಿಯಿತು. ಗಣೇಶ ಒಂದು ಉಸಿರು ಒಳಗೆಳೆದ, ಸಿಳ್ಳೆ ಹಾಕಿದಂಥ ಉಸಿರು. ಅಷ್ಟರಲ್ಲಿ ಎದುರಿನಿಂದ ಸೈರನ್ ಕೇಳಿತು. ಬೀರಪ್ಪ ಗಾಡಿಯನ್ನು ರಸ್ತೆಗೆ ಅಡ್ಡ ತಿರುಗಿಸಿಯೇ ನಿಲ್ಲಿಸಿದ. ಭಟ್ಕಳದ ಆಂಬ್ಯುಲೆನ್ಸಿನ ಹುಡುಗರು ಹಾರಿ ಇಳಿದರು. “ಸರೀರಿ ಅಮ್ಮಾ, ಸರೀರಿ” ಎನ್ನುತ್ತ ಗಣೇಶನನ್ನು ಕೂತ ಭಂಗಿಯಲ್ಲೇ ಎತ್ತಿಕೊಂಡು ಹೋಗಿ ಮುಖಕ್ಕೆ ಆಕ್ಸಿಜನ್ ಹಿಡಿದರು.

ಮಣಿಪಾಲದಲ್ಲಿ ಅವನನ್ನು ಬಾಗಿಲ ಆಚೆ ತೆಗೆದುಕೊಂಡು ಹೋದ ಮೇಲೆ ಮಾದಿ ಗೋಡೆಗೊರಗಿ ನೆಲದ ಮೇಲೆ ಕೂತಳು. ಬಲ ಅಂಗೈಯನ್ನು ಸೀರೆಗೆ ಒರೆಸಿದಳು, ಮತ್ತೆ ಒರೆಸಿದಳು. “ಕೈಗುಣವಂತೆ, ಕೈಗುಣ! ಈ ಕೈ ಕಡಿದು ಹಾಕ್ಬೇಕು” ಎಂದಳು. ರೂಪಾ ಆ ಕೈಯನ್ನು ತನ್ನ ಮಡಿಲಿಗೆ ತೆಗೆದುಕೊಂಡಳು. ಬಯ್ಯುವುದಕ್ಕೆ ಅವಳಿಗೆ ಹಕ್ಕಿತ್ತು. ಬಯ್ಯದೇ ಇದ್ದದ್ದೇ ಮಾದಿಗೆ ಹೆಚ್ಚು ಸುಟ್ಟಿತು.

ಕತ್ತಿನಲ್ಲಿ ತೂತು ಮಾಡಿ ಉಸಿರಿನ ನಳಿಗೆ ಇಟ್ಟರು. ಗದ್ದದ ಅಡಿ ಕೊಯ್ದು ಕೀವು ತೆಗೆದರು, ಆ ಹಲ್ಲನ್ನೂ ಕಿತ್ತರು. ಗಣೇಶ ಬದುಕಿದ. ದನಿ ಸ್ವಲ್ಪ ಒರಟಾಯಿತು, ಗಂಟಲಿನಲ್ಲಿ ಒಂದು ಗಂಟಿನಂಥ ಕಲೆ ಉಳಿಯಿತು. ಅದನ್ನು ನೋಡಿದಾಗಲೆಲ್ಲ ಮಾದಿ ಮುಖ ಬೇರೆ ಕಡೆ ತಿರುಗಿಸುತ್ತಿದ್ದಳು.

ಕತೆ ಇಲ್ಲಿಗೆ ಮುಗಿದಿದ್ದರೆ ಒಳ್ಳೆಯದಿತ್ತು. ಆದರೆ ಊರಿನವರು ಬಿಡಬೇಕಲ್ಲ!

ಒಂದು ಮಧ್ಯಾಹ್ನ ಕೇರಿಯ ತುದಿಮನೆಯ ನೇತ್ರಾ ತನ್ನ ಮಗಳು ಅಂಕಿತಾಳನ್ನು ಎತ್ತಿಕೊಂಡು ಬಂದಳು. ಹುಡುಗಿಗೆ ಇನ್ನೂ ಹಾಲುಹಲ್ಲು ಪೂರ್ತಿ ಬಿದ್ದಿಲ್ಲ. ಒಂದು ಕೆನ್ನೆ ಬಾತು ಕಣ್ಣು ಅರ್ಧ ಮುಚ್ಚಿತ್ತು.

“ಮಾದಕ್ಕಾ, ಹುಳ ತೆಗಿ. ಮೂರು ದಿನ ಆತು, ಕೂಸು ಉಣ್ಣೂದಿಲ್ಲ.”

“ಹುಳ ಇಲ್ಲ ನೇತ್ರಾ. ಹಲ್ಲಲ್ಲಿ ಹುಳ ಇರೂದೇ ಇಲ್ಲ” ಎಂದಳು ಮಾದಿ. ಬೋಗುಣಿ ತಂದು, ಕಬ್ಬಿಣ ಕಾಯಿಸಿ, ಯಾರ ಬಾಯಿಗೂ ದಂಟು ಕೊಡದೆ ಬೀಜ ಸಿಡಿಸಿದಳು. ಮಡಕೆ ಎತ್ತಿ ತೋರಿಸಿದಳು. “ನೋಡು. ಇದು ಬೀಜದ ತಿರುಳು. ಇಷ್ಟು ವರ್ಷ ನಾ ಇದನ್ನೇ ಹುಳ ಅಂದೆ.”

ನೇತ್ರಾ ನೀರು ನೋಡಿದಳು, ಮಾದಿಯನ್ನು ನೋಡಿದಳು. ಅವಳ ಮುಖ ಗಂಟಿಕ್ಕಿತು. “ನನ್ನ ಹಲ್ಲಿಂದು ತೆಗೆದಾಗ ನೋವು ಹೋಗಿತ್ತಲ್ಲ, ಅದು ಸುಳ್ಳಾ? ಮಗನಿಗೆ ಆಗ್ಲಿಲ್ಲ ಹೇಳಿ ನಮಗೂ ಇಲ್ಲ ಅಂತ್ಯಾ? ಕೈಗುಣ ಹೋತು ಅಂದ್ರೆ ಹೋತು ಹೇಳು. ಯಾಣದ ಬದಿಗೆ ಹುಳ ತೆಗೆಯೋರು ಇನ್ನೊಬ್ರು ಇದ್ದಾರಂತೆ, ಅಲ್ಲಿಗೆ ಹೋಗ್ತೆ.”

ಅವಳು ಎದ್ದೇಬಿಟ್ಟಳು. ಮಾದಿ ಕೂಸಿನ ಗದ್ದದ ಅಡಿಗೆ ಬೆರಳಿಟ್ಟಳು. ಗಟ್ಟಿಯಾಗತೊಡಗಿತ್ತು. ಶಿರಾಲಿಯ ರಸ್ತೆ ಕಣ್ಣೆದುರು ಬಂದು ನಿಂತಿತು. ಸತ್ಯ ಹೇಳಿ ಆಯಿತು, ನಂಬಲಿಲ್ಲ. ಕೂಸು ಯಾಣದ ಕಾಡಿನ ದಾರಿ ಹಿಡಿದರೆ ಮತ್ತೆ ಬರುವ ಭರವಸೆ ಏನು?

“ನಿಲ್ಲೇ ನೇತ್ರಾ! ಕೈಗುಣ ಹೋಗ್ಲಿಲ್ಲ. ಇನ್ನೊಬ್ರಿಗೆ ಕೊಡ್ತೆ.”

“ಯಾರಿಗೆ?”

“ಕುಮಟೆಯ ಹಲ್ಲಿನ ಡಾಕ್ಟ್ರಮ್ಮಗೆ. ಇವತ್ತೇ ಎಣ್ಣೆ ಹೊಯ್ಯೂದು. ಇನ್ನು ಅವಳ ಕೈಯಲ್ಲೇ ಗುಣ. ನಡಿ, ನಿನ್ನ ಕಣ್ಣೆದುರಿಗೇ ಕೊಡ್ತೆ.”

ನೇತ್ರಾಳ ಮುಖ ಸಡಿಲಾಯಿತು. ಅದು ಅವಳಿಗೆ ಅರ್ಥವಾಗುವ ಮಾತು. ಬೀರಪ್ಪನ ಗಾಡಿ ಮತ್ತೆ ಹೊರಟಿತು.

ಕ್ಲಿನಿಕ್ಕಿನಲ್ಲಿ, ಕಾದು ಕೂತವರೆಲ್ಲರ ಎದುರಿಗೆ, ಮಾದಿ ಸೆರಗಿನೊಳಗಿನಿಂದ ಎಣ್ಣೆಯ ಕುಪ್ಪಿ ತೆಗೆದು, “ಕೈ ಒಡ್ಡಿ ಡಾಕ್ಟ್ರಮ್ಮಾ, ಬಲಗೈ” ಎಂದಳು. ಶ್ರೀಗೌರಿ ಬೆರಗಾಗಿ ನೋಡಿದರು. ಮಾದಿ ಕಣ್ಣಿನಿಂದ ಕೂಸಿನ ಕಡೆ ತೋರಿಸಿದಳು. ಕೂಸಿನ ಕೆನ್ನೆ ಕಂಡದ್ದೇ ಡಾಕ್ಟರು ಕೈ ಒಡ್ಡಿದರು. ಮಾದಿ ಎಣ್ಣೆ ಹೊಯ್ದು ಆ ಬೆರಳುಗಳನ್ನು ಮಡಚಿದಳು. “ಕೈಗುಣ ಕೊಟ್ಟೆ, ಹಿಡ್ಕೋ.” ಹೇಳುವಾಗ ಅವಳಿಗೆ ಅತ್ತೆಯ ಮುಖ ನೆನಪಾಯಿತು.

ಶ್ರೀಗೌರಿ ಕೈ ತೊಳೆದು, ಹಲ್ಲು ಮರಗಟ್ಟಿಸಿ, ಕೀವಿಗೆ ದಾರಿ ಮಾಡಿಕೊಟ್ಟರು. “ಕೀವು ಇನ್ನೂ ನಾಲಿಗೆಯ ಅಡಿಗೆ ಇಳಿದಿಲ್ಲ. ಹೊತ್ತಿಗೆ ಸರಿಯಾಗಿ ತಂದಿರಿ. ಔಷಧ ಐದು ದಿನ, ನೋವು ಕಡಿಮೆಯಾಯ್ತು ಅಂತ ನಿಲ್ಲಿಸಬೇಡಿ. ಬೆಳಿಗ್ಗೆ, ಮಲಗುವ ಮೊದಲು ಎರಡು ಹೊತ್ತೂ ಬ್ರಶ್ ಆಗಬೇಕು. ಹಾಲುಹಲ್ಲು ಹೇಗೂ ಬೀಳ್ತದೆ ಅಂತ ಬಿಡಬೇಡಿ. ಕರಿ ಚುಕ್ಕೆ ಸಾಸಿವೆಯಷ್ಟಿರುವಾಗಲೇ ಬಂದ್ರೆ ತುಂಬಿಸಿ ಬಿಡಬಹುದು” ಎಂದರು.

ನೇತ್ರಾ ತಲೆಯಾಡಿಸಿ, “ಹುಳ ಎಷ್ಟು ಬಿದ್ವು ಡಾಕ್ಟ್ರೇ?” ಎಂದಳು.

ಡಾಕ್ಟರು ಬಾಯಿ ತೆರೆಯುವ ಮೊದಲೇ ಮಾದಿ ಹೇಳಿದಳು: “ಇವರ ಕೈಯಲ್ಲಿ ಹುಳ ಕಣ್ಣಿಗೆ ಕಾಣೂದಿಲ್ಲ. ಅದೇ ಇವರ ಗುಣ.”

ನೇತ್ರಾ ಕೂಸನ್ನು ಎತ್ತಿಕೊಂಡು ಹೊರಗೆ ಹೋದ ಮೇಲೆ ಶ್ರೀಗೌರಿ ಮೆಲ್ಲಗೆ, “ಸುಳ್ಳು ಹೇಳಿದ್ರಲ್ಲ ಅಮ್ಮಾ” ಎಂದರು.

“ಮೂವತ್ತು ವರ್ಷ ಗೊತ್ತಿಲ್ದೆ ಹೇಳ್ದೆ. ಅದು ನನ್ನ ಮಗನ ಕುತ್ತಿಗೆಗೆ ಬಂತು. ಇದೊಂದು ಗೊತ್ತಿದ್ದೇ ಹೇಳ್ದೆ. ಇದರ ಪಾಪ ನಂಗೇ ಇರ್ಲಿ.”

ಮಾದಿ ಮಾತಾಡುವಾಗಲೆಲ್ಲ ಎಡಗೆನ್ನೆಗೆ ನಾಲಿಗೆ ಒತ್ತಿಕೊಳ್ಳುವುದನ್ನು ಶ್ರೀಗೌರಿ ಆಗಿನಿಂದ ಗಮನಿಸುತ್ತಿದ್ದರು.

“ನಿಮಗೂ ನೋವಿದೆ ಅಲ್ವಾ? ಎಷ್ಟು ದಿನದಿಂದ?”

“ಅದೆಂತ, ಸಣ್ಣದು. ಹೋಗ್ತದೆ.”

“ಬನ್ನಿ, ಕುರ್ಚಿಯಲ್ಲಿ ಕೂತ್ಕೊಳ್ಳಿ.”

ಮಾದಿ ಹೆದರುತ್ತ, ಸೆರಗು ಬಿಗಿ ಹಿಡಿದುಕೊಂಡು ಕೂತಳು. ಮೇಲಿನ ದೀಪ ಹೊತ್ತಿತು. ಶ್ರೀಗೌರಿ ಸಣ್ಣ ಕನ್ನಡಿ ಹಿಡಿದು ಬಾಗಿದರು.

“ಬಾಯಿ ತೆಗೀರಿ.”

ಊರಿಗೆಲ್ಲ ಆ ಮಾತು ಹೇಳಿದವಳಿಗೆ ಒಬ್ಬರಾದರೂ ತಿರುಗಿ ಹೇಳಿದ್ದಿಲ್ಲ. ಮಾದಿ ಕಣ್ಣು ಮುಚ್ಚಿ ಬಾಯಿ ತೆರೆದಳು.